ಹಿಮದ ರಸ್ತೆಗೆ ಎಲೆಕ್ಟ್ರಿಕ್ ಕಾರು: ಟೈರ್ ಆಯ್ಕೆಯ ಹಿಂದೆ ಇಷ್ಟೆಲ್ಲ ಲೆಕ್ಕಾಚಾರ!

ನಾರ್ವೆಯಲ್ಲಿ ಈಗ ಹೊಸ ಪೆಟ್ರೋಲ್ ಕಾರು ಕೊಳ್ಳುವವರನ್ನು ದುರ್ಬೀನು ಹಾಕಿ ಹುಡುಕಬೇಕು. 2024ರಲ್ಲಿ ಅಲ್ಲಿ ನೋಂದಣಿಯಾದ ಹೊಸ ಕಾರುಗಳಲ್ಲಿ ಶೇ 88.9ರಷ್ಟು ಪೂರ್ಣ ಎಲೆಕ್ಟ್ರಿಕ್. 2025ರಲ್ಲಿ ಈ ಪ್ರಮಾಣ ಶೇ 95 ದಾಟಿತು. 2025ರ ಹೊತ್ತಿಗೆ ಮಾರಾಟವಾಗುವ ಎಲ್ಲ ಹೊಸ ಕಾರುಗಳೂ ಹೊಗೆ ಉಗುಳದಂತಿರಬೇಕು ಎಂದು 2017ರಲ್ಲಿ ಹಾಕಿಕೊಂಡಿದ್ದ ಗುರಿಯನ್ನು ಆ ದೇಶ ಹೆಚ್ಚುಕಡಿಮೆ ಮುಟ್ಟಿದೆ.

'ಚಳಿಗೆ ಬ್ಯಾಟರಿ ಕೈಕೊಡುತ್ತದೆ' ಎಂಬ ಹಳೆಯ ಆತಂಕ ಅಲ್ಲಿ ಬಹುತೇಕ ತಣ್ಣಗಾಗಿದೆ. ಅಕ್ಟೋಬರ್ ಬಂತೆಂದರೆ ಇವಿ ಮಾಲೀಕರ ತಲೆ ತಿನ್ನುವ ಪ್ರಶ್ನೆ ಬೇರೆ: ಈ ಬಾರಿ ಯಾವ ಟೈರ್? ಎಷ್ಟು ಇಂಚಿನ ರಿಮ್? ಮೊಳೆ ಇರುವುದೋ, ಇಲ್ಲದ್ದೋ?

ಇದೇನು ನಾರ್ವೆಯವರ ಉಸಾಬರಿ ಎನ್ನಬೇಡಿ. ಬೆಂಗಳೂರು, ಪುಣೆ, ಹೈದರಾಬಾದ್‌ಗಳಿಂದ ಸ್ಟುಟ್‌ಗಾರ್ಟ್, ಮ್ಯೂನಿಕ್, ಟೊರಾಂಟೊಗಳಿಗೆ ಕೆಲಸಕ್ಕೆ ಹೋದವರಲ್ಲಿ ಕನ್ನಡಿಗರೂ ಸಾಕಷ್ಟಿದ್ದಾರೆ. ನಮ್ಮಲ್ಲಿ ಟೈರ್ ಕೊಳ್ಳುವಾಗ ಅಂಗಡಿಯವರನ್ನು ಕೇಳುವುದು ಒಂದೇ ಪ್ರಶ್ನೆ, 'ಯಾವುದು ಜಾಸ್ತಿ ಬಾಳಿಕೆ ಬರುತ್ತೆ ಅಣ್ಣ?'. ಅದೇ ಅಭ್ಯಾಸದಲ್ಲಿ ಮೊದಲ ಹಿಮಗಾಲಕ್ಕೆ ಕಾಲಿಟ್ಟರೆ ಅಪಾಯ.

ಹಿಮ ಬೀಳದಿದ್ದರೂ ಬೇಕು

ಚಳಿಗಾಲದ ಟೈರ್ ಎಂದರೆ ಹಿಮದಲ್ಲಿ ಓಡಿಸಲು ಮಾತ್ರ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ವಿಷಯ ಇರುವುದು ರಬ್ಬರ್‌ನಲ್ಲಿ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ? ಬೇಸಿಗೆ ಟೈರ್‌ನ ರಬ್ಬರ್ ಅಷ್ಟು ಕಣ್ಣಿಗೆ ಕಾಣುವಂತೆ ಬದಲಾಗದಿದ್ದರೂ ತಾಪಮಾನ ಇಳಿದಂತೆ ಬಿರುಸಾಗುತ್ತದೆ. ಬಿರುಸಾದ ರಬ್ಬರ್ ರಸ್ತೆಯ ಸಣ್ಣ ಏರುತಗ್ಗುಗಳಿಗೆ ಒಗ್ಗಿಕೊಳ್ಳುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಟೈರ್ ಬದಲಿಸಿ ಎಂದು ಯುರೋಪಿನಲ್ಲಿ ಹೇಳುವುದು ಇದೇ ಕಾರಣಕ್ಕೆ. ಅದು ಗೆರೆ ಕೊರೆದಂಥ ನಿಯಮವಲ್ಲ, ಅಂದಾಜಿನ ಸೂತ್ರ.

ಚಳಿಗಾಲದ ಟೈರ್‌ನ ರಬ್ಬರ್ ಶೂನ್ಯಕ್ಕಿಂತ ಕೆಳಗೂ ಮೆತ್ತಗಿರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದಂತೆ ನೂರಾರು ಸಣ್ಣ ಸೀಳುಗಳಿರುತ್ತವೆ. ಈ ಸೀಳುಗಳ ಅಂಚುಗಳೇ ಹಿಮವನ್ನು ಕಚ್ಚಿ ಹಿಡಿಯುವುದು.

'ನನ್ನ ಕಾರಿಗೆ ನಾಲ್ಕೂ ಚಕ್ರಕ್ಕೆ ಮೋಟಾರ್ ಶಕ್ತಿ ಇದೆ, ಸಾಮಾನ್ಯ ಟೈರ್ ಸಾಕು' ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಆಲ್ ವ್ಹೀಲ್ ಡ್ರೈವ್ ಕಾರು ಹೊರಡುವಾಗ ನೆರವಾಗುತ್ತದೆ ನಿಜ. ನಿಲ್ಲಿಸುವಾಗ? ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಸುಲಭವಾಗಿ ವೇಗ ಪಡೆದು, ಅಷ್ಟೇ ಸುಲಭವಾಗಿ ನಿಲ್ಲಲಾಗದ ಎರಡು ಟನ್ ತೂಕದ ಗಾಡಿ ಇನ್ನೂ ಹೆಚ್ಚು ಅಪಾಯಕಾರಿ.

ಚಿಹ್ನೆ ನೋಡದೆ ಕೊಂಡರೆ ದಂಡ

ಜರ್ಮನಿಯಲ್ಲಿ 'ಇಂಥ ತಾರೀಖಿನಿಂದ ಚಳಿಗಾಲದ ಟೈರ್ ಕಡ್ಡಾಯ' ಎಂಬ ನಿಯಮವಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದರೆ ಆ ಹೊತ್ತಿಗೆ ಸರಿಯಾದ ಟೈರ್ ಇರಲೇಬೇಕು, ಅಷ್ಟೆ. ಇಲ್ಲದಿದ್ದರೆ 60 ಯೂರೊ ದಂಡ, ಜತೆಗೆ ಚಾಲಕರ ದಾಖಲೆಯಲ್ಲಿ ಒಂದು ಕಪ್ಪು ಅಂಕ. ಗಾಡಿ ಅಡ್ಡ ಸಿಕ್ಕಿಕೊಂಡು ಉಳಿದವರಿಗೆ ತೊಂದರೆಯಾದರೆ ದಂಡ 80 ಯೂರೊ.

ಇಲ್ಲಿ 2024ರ ಅಕ್ಟೋಬರ್ 1ರಿಂದ ಒಂದು ಮುಖ್ಯ ಬದಲಾವಣೆ ಆಗಿದೆ. ಮೊದಲು ಟೈರ್ ಮೇಲೆ 'ಎಂ ಪ್ಲಸ್ ಎಸ್', ಅಂದರೆ ಕೆಸರು ಮತ್ತು ಹಿಮ ಎಂಬ ಗುರುತಿದ್ದರೆ ನಡೆಯುತ್ತಿತ್ತು. ಈ ಗುರುತಿಗೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ, ಕಂಪನಿಯೇ ಹಾಕಿಕೊಳ್ಳಬಹುದಿತ್ತು. ಈಗ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆಯೇ ಬೇಕು. ಹಿಮದ ಮೇಲೆ ನಿಗದಿತ ಪರೀಕ್ಷೆಯಲ್ಲಿ ಪಾಸಾದ ಟೈರ್‌ಗೆ ಮಾತ್ರ ಅದು ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನ ಜತೆ 'ವಿಂಟರ್ ಸೆಟ್ ಫ್ರೀ' ಎಂದು ಯಾರಾದರೂ ಕೊಟ್ಟರೆ ಮೊದಲು ಟೈರ್‌ನ ಪಕ್ಕೆ ನೋಡುವುದು ಒಳ್ಳೆಯದು.

ಕೆನಡಾದ ಕ್ವಿಬೆಕ್ ಪ್ರಾಂತ್ಯ ಇನ್ನೂ ಖಡಕ್. ಅಲ್ಲಿ 2008ರಿಂದ ಚಳಿಗಾಲದ ಟೈರ್ ಕಡ್ಡಾಯ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕ್ಯಾಲೆಂಡರ್ ನೋಡಿಯೇ ಹಾಕಬೇಕು.

ನಾರ್ವೆಯ ನಿಯಮ ಸ್ವಲ್ಪ ವಿಚಿತ್ರ. ಸಣ್ಣ ಕಾರುಗಳಿಗೆ ಚಳಿಗಾಲದ ಟೈರ್ ಹಾಕಲೇಬೇಕು ಎಂದು ಅದು ನೇರವಾಗಿ ಹೇಳುವುದಿಲ್ಲ. ರಸ್ತೆಗೆ ತಕ್ಕ ಹಿಡಿತ ಇಲ್ಲದೆ ಗಾಡಿ ಓಡಿಸಕೂಡದು ಎನ್ನುತ್ತದೆ. ಜತೆಗೆ ಚಳಿಗಾಲದಲ್ಲಿ ಟೈರ್‌ನ ಗೀರಿನ ಆಳ ಕನಿಷ್ಠ 3 ಮಿಲಿಮೀಟರ್ ಇರಬೇಕು.

ಚಿಹ್ನೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬೆಟ್ಟದ ಚಿಹ್ನೆ ಹೇಳುವುದು ಹಿಮದ ಹಿಡಿತವನ್ನು ಮಾತ್ರ, ನುಣುಪಾದ ಮಂಜುಗಡ್ಡೆಯ ಹಿಡಿತವನ್ನಲ್ಲ. 2021ರ ಮೇನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಹೊಸ ಟೈರ್ ಲೇಬಲ್‌ನಲ್ಲಿ ಮಂಜುಗಡ್ಡೆಗೇ ಬೇರೆ ಗುರುತು ಇದೆ. ಜರ್ಮನಿಯಲ್ಲಿ ಮಾರುವ ಮಧ್ಯ ಯುರೋಪಿನ ಮಾದರಿಯ ಟೈರ್, ಒದ್ದೆ ಹೆದ್ದಾರಿಯಲ್ಲಿ ವೇಗವಾಗಿ ಹೋಗುವುದನ್ನು ಲೆಕ್ಕ ಹಾಕಿ ಮಾಡಿದ್ದು. ಸ್ವೀಡನ್, ಫಿನ್ಲೆಂಡ್‌ಗೆ ಮಾಡುವ ನಾರ್ಡಿಕ್ ಟೈರ್ ಅದಕ್ಕಿಂತ ಮೆತ್ತಗಿದ್ದು ಗಡ್ಡೆಯ ಮೇಲೆ ಚೆನ್ನಾಗಿ ನಿಲ್ಲುತ್ತದೆ, ಒದ್ದೆ ರಸ್ತೆಯಲ್ಲಿ ಸೋಲುತ್ತದೆ. ಎರಡೂ 'ವಿಂಟರ್ ಟೈರ್' ಹೆಸರಿನಲ್ಲೇ ಮಾರಾಟವಾಗುತ್ತವೆ. ಮ್ಯೂನಿಕ್‌ನಲ್ಲಿರುವವರು ಫಿನ್ಲೆಂಡಿನ ಗೆಳೆಯರ ಸಲಹೆ ಕೇಳಿ ಕೊಂಡರೆ ದುಡ್ಡೂ ಹೋಯಿತು, ಹಿಡಿತವೂ ಹೋಯಿತು.

20 ಇಂಚಿನ ಮೋಹ

ಇವಿ ಮಾಲೀಕರು ಹೆಚ್ಚು ಎಡವುವುದು ರಿಮ್ ಗಾತ್ರದಲ್ಲಿ. ಶೋರೂಮ್‌ನಲ್ಲಿ 20, 21 ಇಂಚಿನ ಚಕ್ರ ಹಾಕಿದ ಕಾರು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಚಳಿಗಾಲಕ್ಕೆ ಆ ಗಾತ್ರ ಎಲ್ಲ ರೀತಿಯಲ್ಲೂ ನಷ್ಟ ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳ. ಟೈರ್ ಸೇರಿ ಚಕ್ರದ ಒಟ್ಟು ಎತ್ತರ ಬದಲಾಗುವಂತಿಲ್ಲ. ರಿಮ್ ದೊಡ್ಡದಾದಷ್ಟೂ ಟೈರ್‌ನ ಪಕ್ಕೆ ಗಿಡ್ಡವಾಗುತ್ತದೆ. ಹಿಮದಡಿ ಮುಚ್ಚಿಹೋದ ಗುಂಡಿಗೆ ಚಕ್ರ ಇಳಿದಾಗ ಪೆಟ್ಟನ್ನು ನುಂಗಲು ಅಲ್ಲಿ ರಬ್ಬರ್ ಇರುವುದಿಲ್ಲ, ಪೆಟ್ಟು ನೇರ ರಿಮ್‌ಗೆ ಬೀಳುತ್ತದೆ. ಅನೇಕ ಇವಿಗಳಲ್ಲಿ ಸ್ಟೆಪ್ನಿಯೂ ಇರುವುದಿಲ್ಲ ಎಂಬುದು ನೆನಪಿರಲಿ. ದೊಡ್ಡ ರಿಮ್‌ನ ಜತೆ ಬರುವ ಅಗಲ ಟೈರ್ ಕೆಸರುಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಅದನ್ನು ಸೀಳಿಕೊಂಡು ಹೋಗುತ್ತದೆ. ಬೆಲೆಯೂ ಅಷ್ಟೆ, 18 ಇಂಚಿನ ಟೈರ್ ಸಾಮಾನ್ಯವಾಗಿ 20 ಇಂಚಿನದಕ್ಕಿಂತ ಅಗ್ಗ.

ಇನ್ನು ರೇಂಜ್. ಒಂದೇ ಕಾರಿಗೆ ಸಣ್ಣ ಚಕ್ರ ಹಾಕಿದರೆ ಹೆಚ್ಚು ಕಿಲೋಮೀಟರ್, ದೊಡ್ಡದು ಹಾಕಿದರೆ ಕಡಿಮೆ ಎಂದು ಕಾರು ಕಂಪನಿಗಳೇ ತಮ್ಮ ಪಟ್ಟಿಯಲ್ಲಿ ತೋರಿಸುತ್ತವೆ. ಚಳಿಗಾಲದಲ್ಲಿ ಕಾರಿನ ಒಳಗೆ ಹೀಟರ್ ಓಡುವುದರಿಂದ, ಬ್ಯಾಟರಿ ತಣ್ಣಗಿರುವುದರಿಂದ ಮೊದಲೇ ರೇಂಜ್ ಕುಸಿದಿರುತ್ತದೆ. ನಾರ್ವೆಯ ವಾಹನ ಸವಾರರ ಒಕ್ಕೂಟ ನಾಫ್ ಪ್ರತಿ ಚಳಿಗಾಲ ಹತ್ತಾರು ಇವಿಗಳನ್ನು ಚಾರ್ಜ್ ಮುಗಿಯುವವರೆಗೆ ಓಡಿಸಿ ನೋಡುತ್ತದೆ. ಕೆಲವು ಕಾರುಗಳು ಕಂಪನಿ ಹೇಳಿದ್ದಕ್ಕಿಂತ ಹತ್ತನೇ ಒಂದು ಪಾಲು ಕಳೆದುಕೊಂಡರೆ, ಕೆಲವು ಮೂರನೇ ಒಂದರ ಹತ್ತಿರ ಹೋಗುತ್ತವೆ. ಅಂಥ ಹೊತ್ತಿನಲ್ಲಿ ಅಂದಕ್ಕಾಗಿ ಇನ್ನಷ್ಟು ಕಿಲೋಮೀಟರ್ ಬಿಟ್ಟುಕೊಡುವುದು ಯಾಕೆ?

ಹಾಗೆಂದು ಎಷ್ಟು ಬೇಕಾದರೂ ಚಿಕ್ಕದು ಮಾಡಲಾಗದು. ಒಳಗಿನ ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗಬಾರದು. ಕಾರಿನ ದಾಖಲೆಯಲ್ಲಿ ಅನುಮತಿ ಇರುವ ಅತಿ ಚಿಕ್ಕ ಗಾತ್ರವೇ ಕೊನೆಯ ಗೆರೆ. ಫೋಕ್ಸ್‌ವ್ಯಾಗನ್ ಐಡಿ.4ನಂಥ ಕಾರುಗಳಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ. ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ ಸವೆತ ಸರಿದೂಗಿಸುವ ನಮ್ಮ ಊರಿನ ಉಪಾಯ ಅಲ್ಲಿ ನಡೆಯುವುದಿಲ್ಲ.

ರಸ್ತೆಗೆ ಸುರಿಯುವ ಉಪ್ಪು ಮಿರಮಿರ ಮಿಂಚುವ ಪಾಲಿಶ್ ಅಲಾಯ್‌ಗಳನ್ನು ತಿಂದುಹಾಕುತ್ತದೆ. ಆದ್ದರಿಂದ ಚಳಿಗಾಲಕ್ಕೆಂದೇ ಬೇರೆ ರಿಮ್ ಸೆಟ್ ಇಟ್ಟುಕೊಳ್ಳುವುದು ವಾಡಿಕೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಇನ್ನೊಂದು ಸೆಟ್ ಎಲ್ಲಿಡಬೇಕು? ಅದಕ್ಕೆ 'ಟೈರ್ ಹೋಟೆಲ್'ಗಳಿವೆ. ಇಡ್ಲಿ ವಡೆ ಸಿಗುವ ಹೋಟೆಲ್ ಅಲ್ಲ. ಬಾಡಿಗೆ ಕೊಟ್ಟರೆ ಬೇಸಿಗೆ ಟೈರ್‌ಗಳನ್ನು ತೊಳೆದು, ಹೆಸರು ಬರೆದು, ವಸಂತದವರೆಗೆ ಇಟ್ಟುಕೊಳ್ಳುವ ಗೋದಾಮು.

ತೂಕದ ಲೆಕ್ಕ

ಬ್ಯಾಟರಿಯ ಕಾರಣಕ್ಕೆ ಇವಿ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ. ಹೀಗಾಗಿ ಟೈರ್‌ನ ಪಕ್ಕೆಯಲ್ಲಿ ಗಾತ್ರದ ಮುಂದೆ ಇರುವ ಲೋಡ್ ಇಂಡೆಕ್ಸ್ ಎಂಬ ಸಂಖ್ಯೆ ನೋಡಲೇಬೇಕು. 91 ಎಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ, 98 ಎಂದರೆ 750 ಕಿಲೋ, 104 ಎಂದರೆ 900 ಕಿಲೋ. ಗಾತ್ರ ಹೊಂದಿತೆಂದು ಕಡಿಮೆ ಸಂಖ್ಯೆಯದನ್ನು ಹಾಕಿಸಿದರೆ ಅದು ಕಾನೂನು ಉಲ್ಲಂಘನೆಯೂ ಹೌದು, ಅಪಾಯವೂ ಹೌದು.

'ಇವಿ ಟೈರ್' ಎಂಬ ಗುರುತಿನ ಬಗ್ಗೆ ಮಾತ್ರ ಇಷ್ಟು ಗಂಭೀರವಾಗಬೇಕಿಲ್ಲ. ಮೋಟಾರ್ ಸದ್ದಿಲ್ಲದ ಕಾರಿನಲ್ಲಿ ಟೈರ್ ಸದ್ದೇ ಜೋರಾಗಿ ಕೇಳುವುದರಿಂದ ಕೆಲವದರ ಒಳಗೆ ಸ್ಪಂಜು ಅಂಟಿಸಿರುತ್ತಾರೆ. ಉರುಳುವಾಗಿನ ಎಳೆತ ಕಡಿಮೆ ಇರುವಂತೆ ಮಾಡಿರುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೆ ಹಿಮದ ಚಿಹ್ನೆಗೆ ಇರುವಂಥ ಕಾನೂನಿನ ಪರೀಕ್ಷೆ ಈ ಹೆಸರಿಗೆ ಇಲ್ಲ. ಲೋಡ್, ಹಿಮದ ಚಿಹ್ನೆ, ಒದ್ದೆ ರಸ್ತೆಯ ದರ್ಜೆ ಸರಿಯಿದ್ದರೆ ಆ ಅಕ್ಷರಗಳಿಲ್ಲದ ಟೈರ್ ಕೂಡ ಆಗುತ್ತದೆ.

ಚಾಲನೆಯಲ್ಲೂ ಒಂದು ಎಚ್ಚರ ಬೇಕು. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಇವಿಯ ಮೋಟಾರ್ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿ ತುಂಬುತ್ತದೆ. ಹಿಂದಿನ ಚಕ್ರಕ್ಕೆ ಮಾತ್ರ ಮೋಟಾರ್ ಇರುವ ಕಾರು ಗಡ್ಡೆ ಕಟ್ಟಿದ ತಿರುವಿನಲ್ಲಿ ಹೀಗೆ ದಿಢೀರ್ ಎಳೆದರೆ ಹಿಂಭಾಗ ಜಾರಬಹುದು. ಎಲೆಕ್ಟ್ರಾನಿಕ್ಸ್ ಬಹುಪಾಲು ಸಂಭಾಳಿಸುತ್ತದೆ, ಆದರೂ ಅಂಥ ದಿನ ಈ ಸೆಟ್ಟಿಂಗ್ ಕಡಿಮೆ ಇಡುವುದು ಕ್ಷೇಮ. ಹಾಗೆಯೇ ಗಾಳಿ: ತಾಪಮಾನ 10 ಡಿಗ್ರಿ ಇಳಿದರೆ ಟೈರ್ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ಹೊಡೆಸಿದ ಗಾಳಿ ಜನವರಿಗೆ ಸಾಲದು.

ಮೊಳೆ ಮತ್ತು ಧೂಳು

ಇಲ್ಲಿಂದ ವಿಷಯ ಸ್ವಂತ ಕಾರಿನಿಂದ ಊರಿನ ಗಾಳಿಗೆ ದಾಟುತ್ತದೆ. ಗಡ್ಡೆಯ ಮೇಲೆ ಲೋಹದ ಮೊಳೆ ಇರುವ ಟೈರ್‌ನಷ್ಟು ನಂಬಿಕಸ್ಥ ಇನ್ನೊಂದಿಲ್ಲ. ಆದರೆ ಗಡ್ಡೆ ಇಲ್ಲದ ಒಣ ರಸ್ತೆಯಲ್ಲಿ ಅದೇ ಮೊಳೆ ಡಾಂಬರನ್ನು ಕೆರೆದು ಧೂಳೆಬ್ಬಿಸುತ್ತದೆ. ಜಪಾನ್ ಇದೇ ಧೂಳಿಗೆ ಬೇಸತ್ತು 1990ರಲ್ಲಿ ಮೊಳೆ ಟೈರ್ ವಿರುದ್ಧ ಕಾನೂನನ್ನೇ ತಂದಿತು. ಸ್ಟಾಕ್‌ಹೋಮ್‌ನ ಹಾರ್ನ್ಸ್‌ಗಾಟನ್ ರಸ್ತೆಯಲ್ಲಿ 2010ರಿಂದ ಅದಕ್ಕೆ ಪ್ರವೇಶವಿಲ್ಲ. ಓಸ್ಲೊ, ಬರ್ಗನ್ ನಗರಗಳಲ್ಲಿ ಮೊಳೆ ಟೈರ್ ಹಾಕಿದವರು ಶುಲ್ಕ ಕಟ್ಟಬೇಕು.

ಓಸ್ಲೊದಲ್ಲಿ ಉಪ್ಪು ಹಾಕಿ ಕೆರೆದ ರಸ್ತೆಯಲ್ಲೇ ಓಡಾಡುವವರು ಮೊಳೆ ಇಲ್ಲದ ನಾರ್ಡಿಕ್ ಟೈರ್ ಹಾಕಲಿ ಎಂಬುದು ನ್ಯಾಯ. ಆದರೆ ಉತ್ತರದ ಟ್ರೊಮ್ಸ್ ಕಡೆಯ ಹಳ್ಳಿಯ ನರ್ಸ್ ಒಬ್ಬರು ಬೆಳಗಿನ ಜಾವ ಗಡ್ಡೆ ಕಟ್ಟಿದ ಇಳಿಜಾರಿನಲ್ಲಿ ಕೆಲಸಕ್ಕೆ ಹೋಗಬೇಕಾದರೆ? ಅವರಿಗೆ ಮೊಳೆ ಬೇಡ ಎನ್ನುವುದು ಸುಲಭವಲ್ಲ. ಅದಕ್ಕೇ ಉತ್ತರ ನಾರ್ವೆಯಲ್ಲಿ ಅಕ್ಟೋಬರ್ 16ರಿಂದಲೇ ಮೊಳೆಗೆ ಅನುಮತಿ, ಉಳಿದೆಡೆ ನವೆಂಬರ್ 1ರಿಂದ.

ಹೊಗೆ ಕೊಳವೆಯೇ ಇಲ್ಲದ ಕಾರುಗಳ ಯುಗದಲ್ಲಿ ಟೈರ್ ಮತ್ತು ಬ್ರೇಕ್ ಉದುರಿಸುವ ಪುಡಿಯೇ ಮುಂದಿನ ಜಗಳ. 2024ರಲ್ಲಿ ಅಂಗೀಕಾರವಾದ ಐರೋಪ್ಯ ಒಕ್ಕೂಟದ ಯೂರೊ 7 ನಿಯಮ ಮೊದಲ ಬಾರಿಗೆ ಬ್ರೇಕ್ ಪುಡಿಗೂ ಟೈರ್ ಸವೆತಕ್ಕೂ ಮಿತಿ ಹಾಕಿದೆ. ಕಾರಿನ ಟೈರ್‌ಗಳಿಗೆ ಇದು 2028ರಿಂದ ಹಂತಹಂತವಾಗಿ ಅನ್ವಯ. ಮೆತ್ತನೆಯ ರಬ್ಬರ್ ಇರುವ ಚಳಿಗಾಲದ ಟೈರ್, ಅದರ ಮೇಲೆ ಭಾರದ ಇವಿ. ಹಿಡಿತ ಬಿಟ್ಟುಕೊಡದೆ ಸವೆತ ತಗ್ಗಿಸುವುದು ಎಂಜಿನಿಯರ್‌ಗಳಿಗೆ ನಿಜವಾದ ಪರೀಕ್ಷೆ.

ಯುದ್ಧದ ಪೆಟ್ಟು, ಭಾರತದ ಪಾಲು

1934ರಲ್ಲಿ ಜಗತ್ತಿನ ಮೊದಲ ಚಳಿಗಾಲದ ಟೈರ್ ತಯಾರಿಸಿದ ಹೆಗ್ಗಳಿಕೆ ಫಿನ್ಲೆಂಡಿನ ನೋಕಿಯನ್ ಕಂಪನಿಯದು. ಉಕ್ರೇನ್ ಯುದ್ಧ ಶುರುವಾದಾಗ ಅದರ ಕಾರು ಟೈರ್‌ಗಳಲ್ಲಿ ಸುಮಾರು ಶೇ 80ರಷ್ಟು ತಯಾರಾಗುತ್ತಿದ್ದುದು ರಷ್ಯಾದ ಕಾರ್ಖಾನೆಯಲ್ಲಿ! 2023ರ ಮಾರ್ಚ್‌ನಲ್ಲಿ ಅದನ್ನು ಟಾಟ್‌ನೆಫ್ಟ್‌ಗೆ ಮಾರಿ ಹೊರಬಂದ ಕಂಪನಿ, ರೊಮೇನಿಯಾದ ಒರಾಡಿಯಾದಲ್ಲಿ ಹೊಸ ಕಾರ್ಖಾನೆ ಕಟ್ಟಿತು.

ಈ ಮಾರುಕಟ್ಟೆಯಲ್ಲಿ ನಮ್ಮವರೂ ಇದ್ದಾರೆ. ಅಪೊಲೊ ಟೈರ್ಸ್ 2009ರಲ್ಲಿ ನೆದರ್ಲೆಂಡ್ಸ್‌ನ ವ್ರೆಡೆಸ್ಟೀನ್ ಕಂಪನಿಯನ್ನು ಕೊಂಡಿತು. ಅದರ ವಿನ್‌ಟ್ರ್ಯಾಕ್ ಚಳಿಗಾಲದ ಟೈರ್ ಯುರೋಪಿನಲ್ಲಿ ಪರಿಚಿತ ಹೆಸರು. 2017ರಲ್ಲಿ ಅಪೊಲೊ ಹಂಗೇರಿಯಲ್ಲೂ ಕಾರ್ಖಾನೆ ತೆರೆಯಿತು.

ಭಾರತದಲ್ಲಿ ಮಾತ್ರ ಚಳಿಗಾಲದ ಟೈರ್‌ಗೆ ಕಡ್ಡಾಯ ನಿಯಮವಿಲ್ಲ. 2020ರಲ್ಲಿ ಅಟಲ್ ಸುರಂಗ, 2025ರ ಜನವರಿಯಲ್ಲಿ ಸೋನಾಮಾರ್ಗ್ ಸುರಂಗ ತೆರೆದ ಮೇಲೆ ದೆಹಲಿ, ಚಂಡೀಗಢ ಕಡೆಯ ಪ್ರವಾಸಿಗರು ನಡು ಚಳಿಗಾಲದಲ್ಲೂ ಹಿಮದೂರಿಗೆ ನುಗ್ಗುತ್ತಿದ್ದಾರೆ, ಅವರಲ್ಲಿ ಇವಿ ಒಯ್ಯುವವರೂ ಇದ್ದಾರೆ. ಮನಾಲಿಯಿಂದ ಮೇಲೆ ಹಿಮ ಜೋರಾದಾಗ ಪೊಲೀಸರು ನಾಲ್ಕು ಚಕ್ರದ ಡ್ರೈವ್ ಅಥವಾ ಚೈನ್ ಇರುವ ಗಾಡಿಗಳನ್ನು ಮಾತ್ರ ಬಿಡುತ್ತಾರೆ. ವರ್ಷಕ್ಕೆ ನಾಲ್ಕು ದಿನ ಹಿಮ ನೋಡುವವರು ಬೇರೆ ಟೈರ್ ಸೆಟ್ ಕೊಳ್ಳಬೇಕಿಲ್ಲ, ಚೈನ್ ಸಾಕು. ಆದರೆ ಇವಿಗೆ ಚೈನ್ ಕೊಳ್ಳುವ ಮುನ್ನ ಕಾರಿನ ಕೈಪಿಡಿ ತೆರೆಯಿರಿ: ಕೆಲವು ಗಾತ್ರದ ಚಕ್ರಗಳಿಗೆ ಚೈನ್ ಹಾಕಲು ಜಾಗವೇ ಇರುವುದಿಲ್ಲ, ಮತ್ತು ಅದನ್ನು ಮೋಟಾರ್ ಇರುವ ಚಕ್ರಕ್ಕೇ ಹಾಕಬೇಕು. ಅನೇಕ ಇವಿಗಳಲ್ಲಿ ಅದು ಹಿಂದಿನ ಚಕ್ರ.