ಆ ಮಡಕೆಯನ್ನು ಇಳಿಸಿರಿ

ಹೆಸರಘಟ್ಟದಲ್ಲಿ ಹಳೆಯ ವಿದ್ಯಾರ್ಥಿಗಳ ಮನೆಗೆ ಹೋದರೆ ಪಂಜರದ ‘ಲವ್ ಬರ್ಡ್ಸ್’ ತೋರಿಸುತ್ತಾರೆ. ಅವು ಬಜರಿಗಾರ್‌ಗಳು, ಜಾನ್ ಗೂಲ್ಡ್ 1840ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಒಯ್ದ ಪುಟ್ಟ ಗಿಳಿಗಳು. ನಿಜವಾದ ಲವ್ ಬರ್ಡ್ಸ್ ಆಫ್ರಿಕದವು. ಹೆಸರು ತಪ್ಪಿದರೆ ಹಕ್ಕಿಗೇನೂ ನೋವಿಲ್ಲ, ಬಿಡಿ. ನನ್ನ ತಕರಾರು ವರ್ಷವಿಡೀ ಪಂಜರದಲ್ಲಿ ತೂಗುವ ಮಣ್ಣಿನ ಮಡಕೆಯ ಬಗ್ಗೆ.

ಮರದ ಪೊಟರೆಯಲ್ಲಿ ಮರಿಮಾಡುವ ಈ ಹಕ್ಕಿಗೆ ಮಡಕೆ ಕಂಡರೆ ಮೊಟ್ಟೆಯಿಡುವ ಕಾಲ ಬಂದಂತೆ. ದಿನ ಬಿಟ್ಟು ದಿನ ನಾಲ್ಕಾರು ಮೊಟ್ಟೆ, ಸುಮಾರು 18 ದಿನ ಕಾವು, ಮತ್ತೆ ಐದು ವಾರ ಮರಿಗಳ ಪೋಷಣೆ. ಅದು ಮುಗಿಯುವಷ್ಟರಲ್ಲಿ ಮುಂದಿನ ಮೊಟ್ಟೆ! ಬರಿಯ ನವಣೆ ತಿಂದರೆ ಚಿಪ್ಪಿಗೆ ಸುಣ್ಣದ ಅಂಶ ಎಲ್ಲಿಂದ ಬರಬೇಕು? ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯುತ್ತದೆ. ‘ಚಳಿಗೆ ಹೋಯಿತು ಸಾರ್’ ಎಂದುಬಿಡುತ್ತಾರೆ.

ಮರಿಗಳು ಹೆಚ್ಚಾದಾಗ ಹುಲ್ಲುಗಾವಲಿನಲ್ಲಿ ಹಾರಿಬಿಟ್ಟು ಪುಣ್ಯ ಬಂತೆಂದು ತಿಳಿಯುವವರೂ ಇದ್ದಾರೆ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಅಲ್ಲಿನ ಹದ್ದು ಡೇಗೆಗಳ ಪರಿಚಯವೆಲ್ಲಿ?

ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿಮಾಡಿಸಬೇಡಿ. ಮರಿಗಳೆಲ್ಲ ಹೊರಬಂದೊಡನೆ ಮಡಕೆ ತೆಗೆಯಿರಿ. ಅಂಗಡಿಯವರು ಕಟಲ್ ಬೋನ್ ಎನ್ನುವ ಸಮುದ್ರದ ನೊರೆಯ ತುಂಡೊಂದನ್ನು ಸದಾ ಕಟ್ಟಿರಿ. ನೆಂಟರು ಮರಿ ಕೇಳುತ್ತಾರೆ ಎನ್ನುವಿರಾ? ಕೇಳಲಿ, ಕಾಯಲಿ.