ಹಗೇವಿನ ಮೇಲೆ ಚಾಪೆ

ಕಳೆದ ತಿಂಗಳು ಈ ಅಂಕಣ ತಪ್ಪಿತು. ಆಫೀಸಿನಲ್ಲಿ ರಿಲೀಸ್ ಇತ್ತು, ಸರ್ವರ್ ಬಿದ್ದಿತ್ತು ಅಂತ ಏನಾದರೂ ಹೇಳಬಹುದಿತ್ತು. ನಿಜ ಏನೆಂದರೆ ನಾನು ಬಸವಕಲ್ಯಾಣದ ನಮ್ಮ ಮನೆಯಲ್ಲಿ ಪೇಂಟ್ ಬ್ರಷ್ ಹಿಡಿದು ನಿಂತಿದ್ದೆ. ಮನೆ ಮಾರುವುದಿದೆ. ಅದಕ್ಕೂ ಮೊದಲು ಕಲಬುರಗಿಯಿಂದ ವ್ಯಾಲ್ಯೂಯರ್ ಬರುವವರಿದ್ದರು.

ಅಪ್ಪ ತೀರಿಕೊಂಡು ಮೂರು ವರ್ಷ. ಕೋಟೆ ಕಡೆಯ ಹಳೇ ಓಣಿಯಲ್ಲಿ ಅವ್ವ ಒಬ್ಬಳೇ. ಮೊಣಕಾಲು ನೋವು, ಮಾಳಿಗೆ ಹತ್ತುವಂತಿಲ್ಲ. ನಾನಿರೋದು ಹೈದರಾಬಾದಿನಲ್ಲಿ. ಅಕ್ಕನನ್ನು ಕೊಟ್ಟದ್ದು ಹುಮನಾಬಾದಿಗೆ. ಕಲ್ಯಾಣಕ್ಕೆ ರೈಲಿಲ್ಲ, ಹುಮನಾಬಾದಿಗೆ 2017ರಿಂದ ಬೀದರ್-ಕಲಬುರಗಿ ರೈಲಿದೆ, ಹೈದರಾಬಾದಿನ ಬಸ್ಸೂ ಹೆದ್ದಾರಿಯಲ್ಲೇ ಇಳಿಸುತ್ತೆ. ಇದನ್ನು ಮಾರಿ ಅಕ್ಕನ ಮನೆ ಹತ್ತಿರ ಅವ್ವನಿಗೆ ನೆಲಮಹಡಿಯಲ್ಲೇ ಎಲ್ಲ ಇರುವ ಸಣ್ಣ ಮನೆ ನೋಡುವುದು, ಇಷ್ಟೇ ಪ್ಲಾನ್. ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಎಕ್ಸೆಲ್ ಶೀಟೂ ಮಾಡಿದ್ದೆ. ಆ ಶೀಟಿನ ವಿಷಯಕ್ಕೆ ಆಮೇಲೆ ಬರ್ತೀನಿ.

ವ್ಯಾಲ್ಯೂಯರ್ ಬರುತ್ತಾರೆ ಅಂದ ಕೂಡಲೇ ನನಗೆ ಹೊಳೆದದ್ದು ಬಣ್ಣ. ಯೂಟ್ಯೂಬಿನಲ್ಲಿ ಎಲ್ಲರೂ ಅದನ್ನೇ ಹೇಳ್ತಾರಲ್ಲ: ಗೋಡೆಗೆ ತಿಳಿಬಣ್ಣ ಬಳಿಯಿರಿ, ಹೊಸ ಬಲ್ಬ್ ಹಾಕಿ, ಅಡುಗೆಮನೆಯಲ್ಲಿ ನಿಂಬೆಹಣ್ಣಿನ ವಾಸನೆ ಇರಲಿ. ಪಡಸಾಲೆಗೆ ಬಣ್ಣ ಬಳಿದೆ. ನಲ್ಲಿಗಳನ್ನು ಬದಲಾಯಿಸಿದೆ. ಶಹಾಬಾದಿ ಫರಸಿಯನ್ನು ಎರಡು ದಿನ ಉಜ್ಜಿದೆ. ಅವ್ವ ಬಾಗಿಲಲ್ಲಿ ಕೂತು ನೋಡ್ತಿದ್ದಳು. "ಕೊಳ್ಳೋರು ಬಣ್ಣ ಕೊಳ್ತಾರೇನು, ಜಾಗಾ ಕೊಳ್ತಾರೇನು?" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವ್ಯಾಲ್ಯೂಯರ್ ಬಂದರು. ಐವತ್ತರ ಆಸುಪಾಸಿನ ಸಿವಿಲ್ ಎಂಜಿನಿಯರ್. ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಹೊರಗೆ ನಿಂತು ಓಣಿಯ ಅಗಲ ಅಳೆದರು. ಕಾರು ಬರುತ್ತೋ, ಆಟೋ ಮಾತ್ರವೋ, ಚರಂಡಿ ಯಾವ ಕಡೆ ಹರಿಯುತ್ತೆ, ಎಲ್ಲ ಬರೆದುಕೊಂಡರು. ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರದು, ಗೋಡೆ ಸ್ವಂತದ್ದೋ ಜಂಟಿಯೋ. ಜಿಪಿಎಸ್ ಇರುವ ಫೋಟೊ ತೆಗೆದುಕೊಂಡರು. ಒಳಗೆ ಬಂದವರು ಬೆರಳಿಂದ ಗೋಡೆ ತಟ್ಟಿದರು. ದೇವರ ಕೋಣೆಯಲ್ಲಿ ನಾನು ಬಣ್ಣ ಹೊಡೆದು ಮುಚ್ಚಿದ್ದ ತೇವ ಮೂರೇ ದಿನಕ್ಕೆ ಮತ್ತೆ ಮೂಡಿತ್ತು. ಅದರ ಫೋಟೊವೂ ಹೋಯಿತು.

ಅವರು ಹೇಳಿದ ಲೆಕ್ಕ ಸರಳ. ಜಾಗ ಬೇರೆ, ಕಟ್ಟಡ ಬೇರೆ. ಜಾಗಕ್ಕೆ ಸುತ್ತ ನಡೆದ ಮಾರಾಟದ ದರ, ಸರ್ಕಾರದ ಮಾರ್ಗಸೂಚಿ ದರ ಎರಡನ್ನೂ ನೋಡ್ತಾರೆ. ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತೆ ಅಂತ ಹಿಡಿದು, ವಯಸ್ಸಾದಷ್ಟು ಸವಕಳಿ ಕಳೀತಾರೆ. ನಮ್ಮದು ಮುಂದಿನ ಎರಡು ಕೋಣೆ 2006ರಲ್ಲಿ ಅಪ್ಪ ಹಾಕಿಸಿದ ಸ್ಲ್ಯಾಬು, ಹಿಂದಿನದೆಲ್ಲ ಕಲ್ಲು ಗೋಡೆ, ಮಣ್ಣಿನ ಮಾಳಿಗೆ. ಹಿಂದಿನ ಭಾಗಕ್ಕೆ ಬೆಲೆ ಎಷ್ಟು ಅಂತ ಕೇಳಿದರೆ ನಕ್ಕು, "ಕಲ್ಲಿನ ಬೆಲೆ ಬರ್ತದ್ರಿ" ಅಂದರು. ನಾನು ಬಣ್ಣಕ್ಕೆ ಸುರಿದ ಹದಿನೆಂಟು ಸಾವಿರ ಯಾವ ಕಾಲಮಿನಲ್ಲೂ ಬರಲಿಲ್ಲ.

ಕಾಗದಗಳ ಸರದಿ ಬಂದಾಗ ನನ್ನ ತಯಾರಿ ಏನೂ ಅಲ್ಲ ಅಂತ ಗೊತ್ತಾಯಿತು. ಅಪ್ಪ 1994ರಲ್ಲಿ ಕೊಂಡ ಕ್ರಯಪತ್ರ ಇತ್ತು. ಅದರ ಹಿಂದಿನ ಮೂಲಪತ್ರ ಉರ್ದುವಿನಲ್ಲಿದೆ. ನಮ್ಮ ಭಾಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, ಆಗಿನ ಕಚೇರಿ ಭಾಷೆ ಅದೇ. ತಾರೀಖಿನ ಜಾಗದಲ್ಲಿ 1352 ಅಂತಿತ್ತು. ನಾನು ಬರಹಗಾರನ ತಪ್ಪು ಅಂದುಕೊಂಡಿದ್ದೆ. ಓಣಿಯ ನಿವೃತ್ತ ಮಾಸ್ತರರೊಬ್ಬರು ಓದಿ ಹೇಳಿದರು: ಅದು ಫಸಲಿ ವರ್ಷ, 590 ಕೂಡಿಸಿದರೆ 1942. ಅದರಲ್ಲಿ ಅಳತೆ 150 ಚದರ ಗಜ, ಅಂದರೆ 1350 ಚದರ ಅಡಿ. ವ್ಯಾಲ್ಯೂಯರರ ಲೇಸರ್ ಮೀಟರ್ ತೋರಿಸಿದ್ದು 1318. ಖಾತೆಯಲ್ಲಿ ಇದ್ದದ್ದು 1200! ಹುಡುಕಿದರೆ ತಪ್ಪು ನಮ್ಮದೇ. ಅಪ್ಪ ಅರ್ಜಿಯಲ್ಲಿ ಹಿತ್ತಲನ್ನು ಬಿಟ್ಟು ಬರೆದಿದ್ದರು, ಕಂದಾಯ ಕಡಿಮೆ ಬರಲಿ ಅಂತಿರಬೇಕು. ಇಂಥ ಕಡೆ ದಾಖಲೆಯ ಅಳತೆ, ನೆಲದ ಅಳತೆ ಎರಡರಲ್ಲಿ ಕಡಿಮೆ ಇರುವುದನ್ನೇ ಹಿಡೀತಾರೆ. ಅಂದಿನ ನಾಲ್ಕು ಕಾಸಿನ ಉಳಿತಾಯಕ್ಕೆ ಇಂದು ನೂರಕ್ಕೂ ಹೆಚ್ಚು ಚದರ ಅಡಿ ಖೋತಾ. ಊರಲ್ಲಿ ಮನೆ ಇದ್ದವರು ಬಣ್ಣದ ಡಬ್ಬಿ ತರುವ ಮೊದಲು ಈ ಮೂರು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿ. ಈಗ ಇ-ಖಾತಾ ಇಲ್ಲದೆ ಮಾರಾಟ ನೋಂದಣಿ ಆಗುವುದಿಲ್ಲ, ಅಲ್ಲಿ ಏನು ಅಳತೆ ಬಂತೋ ಅದೇ ಮುಂದೆ ಓಡೋದು.

ಇನ್ನೊಂದು, ತೆರಿಗೆ. ಅಪ್ಪ ಕೊಂಡ ಬೆಲೆ ತೀರಾ ಕಡಿಮೆ. ಆದರೆ 2001ಕ್ಕೆ ಮೊದಲಿನ ಆಸ್ತಿಗೆ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲ ವೆಚ್ಚ ಅಂತ ಹಿಡಿಯಬಹುದು, ಆಗಿನ ಮುದ್ರಾಂಕದ ಬೆಲೆ ಮೀರಬಾರದು ಅಷ್ಟೆ. ಅದು ಎರಡು ಲಕ್ಷ ಅಂತ ಬಂದರೆ, 2025-26ರ ಸೂಚ್ಯಂಕ 376ರಂತೆ 7.52 ಲಕ್ಷ ಆಗುತ್ತೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಹೀಗೆ ಸೂಚ್ಯಂಕ ಹಾಕಿದ ಶೇ. 20, ಹಾಕದ ಶೇ. 12.5, ಎರಡರಲ್ಲಿ ಯಾವುದರಲ್ಲಿ ತೆರಿಗೆ ಕಡಿಮೆಯೋ ಅದು. ಅದಕ್ಕೇ ವ್ಯಾಲ್ಯೂಯರ್ ಹತ್ತಿರ ಇವತ್ತಿನ ಬೆಲೆ ಜೊತೆ 2001ರ ಬೆಲೆಯನ್ನೂ ಬರೆಸಿಕೊಳ್ಳಿ. ಅಪ್ಪನ ಡೈರಿಯಲ್ಲಿ 2006ರ ಸಿಮೆಂಟು, ಕಬ್ಬಿಣದ ಲೆಕ್ಕ, ರಸೀದಿಗಳೆಲ್ಲ ಸಿಕ್ಕವು. ಅದೂ ವೆಚ್ಚಕ್ಕೆ ಸೇರುತ್ತೆ.

ಈಗ ಹಗೇವು.

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಹಳೇ ಮನೆಗಳಲ್ಲಿ ನೆಲದೊಳಗೆ ಜೋಳ ತುಂಬುವ ಗುಂಡಿ ಇರ್ತಿತ್ತು. ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದಿದೆ. ಬಾಯಿಗೆ ಫರಸಿ ಮುಚ್ಚಿ ಗಾರೆ ಹಾಕಿದೆ, ಒಳಗೆ ಖಾಲಿ. ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತೆ. ವ್ಯಾಲ್ಯೂಯರ್ ಬರುವ ಬೆಳಿಗ್ಗೆ ನಾನು ಅದರ ಮೇಲೆ ಚಾಪೆ ಹಾಸಿ, ಮೇಲೆ ಟೀಪಾಯಿ ಇಟ್ಟೆ. ಅವರು ಅಳೆಯುತ್ತ ಆ ಮೂಲೆಗೆ ಬಂದರು, ದಾಟಿಯೂ ಹೋದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವ್ವ, "ಸಾಹೇಬ್ರ, ಚಾಪಿ ಬುಡಕ ಹಗೇವು ಅದ, ಬರಕೋರಿ. ನಾಳೆ ಯಾರದರ ಕೂಸು ಬಿದ್ದೀತು" ಅಂದಳು.

ಮುಖ ಎಲ್ಲಿಡಲಿ ಅಂತ ಆಯಿತು. ಅವರು ಮಾತ್ರ ಸಹಜವಾಗಿ ಟೀಪಾಯಿ ಸರಿಸಿ, ತಟ್ಟಿ ನೋಡಿ, "ತುಂಬಿಸಿದ್ರ ಆಯ್ತು, ದೊಡ್ಡ ಖರ್ಚೇನಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಕೊಳ್ಳುವವನ ಕಣ್ಣಿಗೆ ಸುಲಭಕ್ಕೆ ಕಾಣದ ದೋಷವನ್ನು ಮಾರುವವನು ತಾನಾಗಿ ಹೇಳಬೇಕು, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲೇ ಇದೆ ಅಂದರು. ಕಟ್ಟಡದ ದೋಷ ಮಾತ್ರ ಅಲ್ಲ, ಹಕ್ಕಿನ ದೋಷವನ್ನೂ.

"ಖಾತಾ ಇನ್ನೂ ನಿಮ್ಮ ತಂದಿ ಹೆಸರಲ್ಲೇ ಅದಲ್ರಿ. ವಾರಸುದಾರರು ಎಷ್ಟು ಮಂದಿ?"

"ಇಬ್ರು. ಅವ್ವ, ನಾನು" ಅಂದೆ. ಯೋಚಿಸದೇ ಬಂತು ಆ ಮಾತು.

ಅವ್ವ ಮಾತಾಡಲಿಲ್ಲ. ಹಗೇವಿನ ಬಗ್ಗೆ ಅಷ್ಟು ಜೋರಾಗಿ ಹೇಳಿದವಳು ಇಲ್ಲಿ ಸುಮ್ಮನೆ ನನ್ನನ್ನೇ ನೋಡಿದಳು.

ಎಕ್ಸೆಲ್ ಶೀಟಿನ ವಿಷಯ ಇದೇ. ಅದರಲ್ಲಿ ಎರಡೇ ಕಾಲಮ್ ಇದ್ದವು. ಅಕ್ಕನನ್ನು ಬೇಕಂತ ಬಿಟ್ಟದ್ದಲ್ಲ, ನೆನಪೇ ಆಗಿರಲಿಲ್ಲ. ಬೇಕಂತ ಬಿಟ್ಟಿದ್ದರೇ ಕಡಿಮೆ ನಾಚಿಕೆ ಆಗುತ್ತಿತ್ತೇನೋ. ಆಫೀಸಿನಲ್ಲಿ ಸಮಾನತೆ ಬಗ್ಗೆ ಪ್ರೆಸೆಂಟೇಶನ್ ಕೊಟ್ಟವನು ನಾನು. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಮನೆ, ಉಯಿಲು ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮದುವೆ ಆಗಿದೆ, ಬಂಗಾರ ಕೊಟ್ಟಿದೀವಿ ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ. ಸಂಜೆ ಸಂಬಂಧಿಕರೊಬ್ಬರು ಫೋನಿನಲ್ಲಿ ಉಪಾಯವನ್ನೂ ಹೇಳಿಕೊಟ್ಟರು: "ಅಕ್ಕನ ಕಡಿಂದ ಹಕ್ಕು ಬಿಡುಗಡೆ ಪತ್ರ ಬರೆಸ್ಕೋ, ಎಲ್ರೂ ಹಂಗೇ ಮಾಡ್ತಾರ. ಬೆಲೆ ಹೇಳೋಕ್ಕಿಂತ ಮೊದ್ಲೇ ಬರೆಸ್ಕೋ." ಕೊನೆಯ ಮಾತು ಕೇಳಿ ಆ ಮೂಲೆಯ ಚಾಪೆ ಕಣ್ಣ ಮುಂದೆ ಬಂತು.

ವರದಿ ಬಂದ ಮೇಲೆ ಹುಮನಾಬಾದಿಗೆ ಹೋದೆ. ಅಕ್ಕ ರೊಟ್ಟಿ ಬಡೀತಿದ್ದಳು. ಮೊಬೈಲಿನಲ್ಲಿ ಪಿಡಿಎಫ್ ತೆಗೆದು, ಒಟ್ಟು ಇಷ್ಟು, ಮೂರರಲ್ಲಿ ಒಂದು ನಿಂದು ಅಂದೆ. ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡಳು, ಹನ್ನೊಂದು ಪುಟವನ್ನೂ ಒಂದೊಂದೇ ಸರಿಸಿ ನೋಡಿದಳು. ಹಿತ್ತಲಿನ ಫೋಟೊ ಬಂದಾಗ ಸ್ವಲ್ಪ ಹೊತ್ತು ನಿಂತಳು.

"ಅಪ್ಪ ಹೋಗಿ ಮೂರು ವರ್ಷ ಆಯ್ತು. ಇವತ್ತು ಕೇಳ್ಲಾಕತ್ತೀ?"

ಏನಂತ ಹೇಳಲಿ. ಮರೆತಿದ್ದೆ ಅಂದೆ. "ಗೊತ್ತದ" ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು. ತಟ್ಟೆಗೆ ರೊಟ್ಟಿ ಹಾಕಿ, ತನ್ನ ಪಾಲು ತನಗೆ ಬೇಕು, ಮಗಳ ಓದಿಗೆ ಇಡ್ತೀನಿ, ಅವ್ವನ ಮನೆಗೆ ಕಡಿಮೆ ಬಿದ್ದರೆ ಅಷ್ಟು ಅದರಿಂದಲೇ ಕೊಡ್ತೀನಿ ಅಂದಳು. ಎಷ್ಟು ಸ್ಪಷ್ಟವಾಗಿ ಹೇಳಿದಳು ಅಂದರೆ, ಮೂರು ವರ್ಷದಿಂದ ಆ ಮಾತನ್ನು ಸಿದ್ಧಮಾಡಿಕೊಂಡೇ ಇದ್ದಳು ಅನಿಸಿತು.

ಈಗ ವಂಶವೃಕ್ಷ ಪ್ರಮಾಣಪತ್ರ ಬಂದಿದೆ. ಖಾತೆ ಮೂವರ ಹೆಸರಿಗೆ ಮಾಡಲು, ಅಳತೆ ಸರಿಪಡಿಸಲು ಅರ್ಜಿ ಹಾಕಿದ್ದೇವೆ. ಹಗೇವಿಗೆ ಎರಡು ಟ್ರ್ಯಾಕ್ಟರ್ ಮುರುಮ್ ಬಿತ್ತು. ಮಾರಾಟ ಇನ್ನೂ ಎರಡು-ಮೂರು ತಿಂಗಳು ತಡವಾಗುತ್ತೆ. ಬ್ರೋಕರ್‌ಗೆ ನನ್ನ ಮೇಲೆ ಸಿಟ್ಟು.

ಕಳೆದ ಭಾನುವಾರ ಅವ್ವನನ್ನು ಹುಮನಾಬಾದಿನಲ್ಲಿ ಒಂದು ಮನೆ ನೋಡಲು ಕರಕೊಂಡು ಹೋಗಿದ್ದೆವು. ಹತ್ತು ವರ್ಷದ ಕಟ್ಟಡ, ಹೊಸಾ ಬಣ್ಣ, ವಿಟ್ರಿಫೈಡ್ ಟೈಲ್ಸ್. ಮಾಲೀಕರು ಉತ್ಸಾಹದಿಂದ ಮಾಡ್ಯುಲರ್ ಕಿಚನ್ ತೋರಿಸುತ್ತಿದ್ದರು. ಅವ್ವ ಕೋಲೂರಿಕೊಂಡು ಹಾಲಿನ ಮೂಲೆಗೆ ಹೋಗಿ, ಅಲ್ಲಿ ಹಾಸಿದ್ದ ಕಾರ್ಪೆಟ್ಟಿನ ತುದಿಯನ್ನು ಕೋಲಿನಿಂದಲೇ ಎತ್ತಿ ನೋಡಿದಳು. ಆಮೇಲೆ ಅವರನ್ನು ಕೇಳಿದಳು: "ನಿಮ್ಗ ಅಕ್ಕತಂಗೇರು ಎಷ್ಟು ಮಂದಿ ರೀ?"