ಪೆಟ್ಟಿಗೆಗೆ ಬೀಗ... ಬೀಗಕ್ಕೆ ನಂಬರು!

ಕಣ್ಣಪ್ಪ ಶಿವನಿಗೆ ಕಣ್ಣು ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಕಣ್ಣಪ್ಪನನ್ನೇ ಕದ್ದ ಕಥೆ ಗೊತ್ತೇನ್ರೀ?

1954ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ವೀರಣ್ಣನವರ ಸಂಸ್ಥೆ ತೆರೆಗೆ ತಂದ ‘ಬೇಡರ ಕಣ್ಣಪ್ಪ’ದಿಂದ ಅಣ್ಣಾವ್ರು ನಾಯಕರಾದರು. ಆ ಚಿತ್ರ ಊರೂರು ಸುತ್ತಿದ್ದು ರೀಲು ಡಬ್ಬಗಳಲ್ಲಿ. ಎರಡೂವರೆ ಗಂಟೆಯ ಚಿತ್ರ ಅಂದ್ರೆ ಹದಿಮೂರು ಸಾವಿರ ಅಡಿಗೂ ಮೀರಿದ ಫಿಲಂ! ಕದ್ದವನು ಹೊರಲಾರದೆ ಸಾಯಬೇಕು. ಹೊತ್ತರೂ ಓಡಿಸಲು ಪ್ರೊಜೆಕ್ಟರ್ ಬೇಕು.

ಈಗ ತೆಲುಗಿನ ‘ಕಣ್ಣಪ್ಪ’ಕ್ಕೆ ಬನ್ನಿ. 2025ರ ಮೇ ತಿಂಗಳು. ಗ್ರಾಫಿಕ್ಸ್ ದೃಶ್ಯಗಳನ್ನು ತುಂಬಿದ ಒಂದು ಹಾರ್ಡ್ ಡಿಸ್ಕು ಮುಂಬಯಿಯಿಂದ ಹೈದರಾಬಾದಿಗೆ ಕೊರಿಯರಿನಲ್ಲಿ ಬಂತು. ಬಂದದ್ದು ಸೇರಬೇಕಾದವರ ಕೈ ಸೇರದೆ ಮಾಯವಾಯಿತು ಅಂತ ಫಿಲಂನಗರದ ಪೊಲೀಸರಿಗೆ ದೂರು ಹೋಯಿತು. ಡಿಸ್ಕಿಗೆ ಪಾಸ್‌ವರ್ಡ್ ಇದೆ ಎಂದು ನಾಯಕ ವಿಷ್ಣು ಮಂಚು ಹೇಳಿದರು. ಜೂನ್ 27ಕ್ಕೆ ಚಿತ್ರ ತೆರೆ ಕಂಡಿತು. ಆ ಒಂದು ತಿಂಗಳು ನಿರ್ಮಾಪಕರಿಗೆ ನಿದ್ದೆ ಹೇಗೆ ಬಂದಿರಬೇಕು, ನೀವೇ ಲೆಕ್ಕ ಹಾಕಿ.

ಈ ಪುರಾಣ ಯಾಕೆ ಅಂದ್ರೆ ಈ ವಾರ ತೋವಿನಕೆರೆಯಿಂದ ಒಂದು ಕಾಗದ ಬಂದಿದೆ. ಮದುವೆ ವಿಡಿಯೋ ಮಾಡುವ ಹುಡುಗ. ಮೂವರು ಗೆಳೆಯರ ಜೊತೆ ಸೇರಿ ಸಿದ್ದರಬೆಟ್ಟದ ಸುತ್ತ ನಲವತ್ತು ನಿಮಿಷದ ಚಿತ್ರ ತೆಗೆದಿದ್ದಾರಂತೆ. ಎರಡು ವರ್ಷದ ದುಡಿಮೆ ಒಂದೇ ಹಾರ್ಡ್ ಡಿಸ್ಕಿನಲ್ಲಿದೆ. ತುಮಕೂರಿನಲ್ಲಿ ಬಸ್ಸು ಬದಲಿಸಿ ಬೆಂಗಳೂರಿಗೆ ಡಬ್ಬಿಂಗಿಗೆ ಒಯ್ಯಬೇಕು. “ಬಸ್ಸಲ್ಲಿ ಕಳೆದರೆ ನಮ್ಮ ಚಿತ್ರ ಯಾರ ಪಾಲಾಗುತ್ತೆ ಸಾರ್? ನಂಬರು ಒತ್ತಿದರೆ ಮಾತ್ರ ತೆರೆಯುವ ಕೇಸು ಸಿಗುತ್ತಂತೆ, ಹಾಕಿಸಲಾ?” ಎಂದು ಕೇಳಿದ್ದಾರೆ.

ಹಾಕಿಸಿ, ಮಿತ್ರರೇ. ಆದರೆ ಹಾಕಿಸುವ ಮುಂಚೆ ಇಷ್ಟು ಕೇಳಿ.

ಕಂಪ್ಯೂಟರ್ ಶುರುವಾಗುವಾಗ ಕೇಳುತ್ತಲ್ಲ ಪಾಸ್‌ವರ್ಡ್, ಅದೊಂದೇ ಆದರೆ ಬಾಗಿಲಿಗೆ ಕಟ್ಟಿದ ಪರದೆ ಇದ್ದ ಹಾಗೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಎಲ್ಲವೂ ಬಯಲು. ನೀವು ಹೇಳುವ ಕೇಸಿನ ಜಾತಿಯೇ ಬೇರೆ. ಅದರೊಳಗೊಂದು ಚಿಪ್ ಕೂತಿರುತ್ತೆ. ನೀವು ಕಳಿಸಿದ ಪ್ರತಿ ಅಕ್ಷರವನ್ನೂ ಗೂಢಲಿಪಿ ಮಾಡಿ ಡಿಸ್ಕಿಗೆ ಬರೆಯುತ್ತೆ, ಓದುವಾಗ ಬಿಡಿಸಿ ಕೊಡುತ್ತೆ. ಒಳ್ಳೆಯ ಕೇಸಿನ ಮೇಲೆ ‘ಎಇಎಸ್ 256’ ಅಂತಿರುತ್ತೆ, ನೋಡಿ ಕೊಳ್ಳಿ. ಕಳ್ಳ ಸ್ಕ್ರೂ ಬಿಚ್ಚಿ ಡಿಸ್ಕನ್ನು ಬರಿದೇ ಜೋಡಿಸಿದರೂ ಅವನಿಗೆ ಸಿಗೋದು ಕಸ!

ಜೋಡಿಸುವುದು ಬ್ರಹ್ಮವಿದ್ಯೆಯೇನಲ್ಲ. ಎರಡೂವರೆ ಇಂಚಿನ ಡಿಸ್ಕು ತಗೊಳ್ಳಿ, ಯುಎಸ್‌ಬಿ ವೈರಿನಿಂದಲೇ ಕರೆಂಟು ಸಾಕಾಗುತ್ತೆ. ಮೂರೂವರೆ ಇಂಚಿನದಾದರೆ ಬೇರೆ ಅಡಾಪ್ಟರ್ ಹೊತ್ತು ತಿರುಗಬೇಕು. ಹಸಿರು ಬೋರ್ಡನ್ನು ಮುಟ್ಟದೆ ಅಂಚು ಹಿಡಿದು ಕನೆಕ್ಟರಿಗೆ ಒತ್ತಿ, ಸ್ಕ್ರೂ ಬಿಗಿಮಾಡಿ, ಮುಗೀತು. ಮೊದಲು ಕಂಪನಿ ಇಟ್ಟ ನಂಬರನ್ನು ಬದಲಾಯಿಸಿ. ಆಮೇಲೆ ಫಾರ್ಮ್ಯಾಟ್ ಮಾಡಿ. ‘ಎಕ್ಸ್‌ಫ್ಯಾಟ್’ ಇಟ್ಟರೆ ನಿಮ್ಮೂರಿನ ವಿಂಡೋಸೂ ಓದುತ್ತೆ, ಬೆಂಗಳೂರಿನವರ ಮ್ಯಾಕೂ ಓದುತ್ತೆ.

ಆದರೆ ಹುಷಾರ್! ಚಿತ್ರ ಇರುವ ಅದೇ ಡಿಸ್ಕನ್ನು ತೆಗೆದು ಈ ಕೇಸಿಗೆ ಹಾಕಿಬಿಟ್ಟೀರಿ. ಹೊಸ ಬೀಗ ಬಿದ್ದು ಫಾರ್ಮ್ಯಾಟ್ ಆದ ಮೇಲೆ ಒಳಗಿದ್ದ ನಲವತ್ತು ನಿಮಿಷವೂ ಸಿದ್ದರಬೆಟ್ಟದ ಮಂಜಿನಂತೆ ಕರಗುತ್ತೆ. ಖಾಲಿ ಡಿಸ್ಕನ್ನೇ ಹಾಕಿ, ಆಮೇಲೆ ಕಾಪಿ ಮಾಡಿ.

ಇನ್ನು ನಂಬರಿನ ವಿಷಯ. ನಮ್ಮ ಅಭಿಮಾನಿ ದೇವರುಗಳು ಏನು ಇಡ್ತಾರೆ ಅಂತ ನನಗೆ ಗೊತ್ತು. ಅಣ್ಣಾವ್ರ ಹುಟ್ಟಿದ ದಿನ 24041929, ಇಲ್ಲಾ ಅಪ್ಪು ಹುಟ್ಟಿದ ದಿನ 17031975! ನಿಮ್ಮ ಅಭಿಮಾನಕ್ಕೆ ಕೈ ಮುಗೀತೀನಿ. ಆದರೆ ಬ್ಯಾಗಿನ ಮೇಲೆ ಅಪ್ಪು ಸ್ಟಿಕ್ಕರ್ ಅಂಟಿಸಿಕೊಂಡವನ ನಂಬರು ಕಳ್ಳನಿಗೆ ಎರಡನೇ ಸಲಕ್ಕೇ ಸಿಗುತ್ತೆ. ಯಾರಿಗೂ ಸಂಬಂಧವಿಲ್ಲದ ಎಂಟು ಅಂಕಿ ಇಡಿ. ಮರೆತರೆ? ಅಲ್ಲೇ ಇರೋದು ಕ್ಲೈಮ್ಯಾಕ್ಸು. ಇಂಥ ಅನೇಕ ಕೇಸುಗಳಲ್ಲಿ ಕೆಲವು ಸಲ ತಪ್ಪು ಒತ್ತಿದರೆ ಒಳಗಿನ ಕೀ ತಾನಾಗಿ ಅಳಿಸಿಹೋಗುತ್ತೆ. ಆಮೇಲೆ ಅಂಗಡಿಯವನೂ ತೆರೆಯಲಾರ, ಕಂಪನಿಯವರೂ ತೆರೆಯಲಾರರು. ಕೇಸಿನ ಚಿಪ್ ಸುಟ್ಟರೂ ಬಹುಮಟ್ಟಿಗೆ ಅದೇ ಗತಿ. ಕಳ್ಳನ ಮೇಲೆ ಎಷ್ಟು ಕಟುಕನೋ, ಯಜಮಾನನ ಮೇಲೂ ಅಷ್ಟೇ ಕಟುಕ ಈ ಬೀಗ. ಅದಕ್ಕೇ ಹೇಳೋದು, ಎರಡನೇ ಪ್ರತಿಯೊಂದು ತೋವಿನಕೆರೆಯ ಮನೆಯ ಬೀರುವಿನಲ್ಲೇ ಇರಲಿ. ಎರಡು ಕೇಸಿಗೆ ದುಡ್ಡಿಲ್ಲ ಅಂದ್ರೆ ಒಂದು ಕೇಸು, ಒಂದು ಬರೀ ಡಿಸ್ಕು. ಎರಡರಲ್ಲಿ ಒಂದನ್ನೇ ಆರಿಸು ಅಂದ್ರೆ ನಾನು ಬೀಗಕ್ಕಿಂತ ಮೊದಲು ಎರಡನೇ ಪ್ರತಿಗೇ ವೋಟು ಹಾಕ್ತೀನಿ.

ದೊಡ್ಡ ಚಿತ್ರಗಳ ಕಥೆ ಹೇಗೆ ಅಂತೀರಾ? ನಮ್ಮಲ್ಲಿ ಬಹಳ ಥಿಯೇಟರುಗಳಿಗೆ ಸ್ಯಾಟಲೈಟಿನಿಂದಲೂ ಚಿತ್ರ ಇಳಿಯುತ್ತೆ. ಡಿಸ್ಕಿನಲ್ಲಿ ಹೋಗುವ ಕಡೆ ಹಾಲಿವುಡ್ಡಿನ ಸ್ಟುಡಿಯೋಗಳು 2005ರಲ್ಲಿ ಕಟ್ಟಿದ ನಿಯಮ ನಡೆಯುತ್ತೆ. ಡಿಸ್ಕು ಬರುವ ದಾರಿಯೇ ಬೇರೆ, ಕೀ ಬರುವ ದಾರಿಯೇ ಬೇರೆ. ಕೀ ಒಂದು ಪುಟ್ಟ ಫೈಲು. ಇಂಥ ಥಿಯೇಟರಿನ ಇಂಥ ಸರ್ವರಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ. ಶುಕ್ರವಾರಕ್ಕೆ ಮುಂಚೆ ಒತ್ತಿದರೂ ತೆರೆ ಕಪ್ಪು! ನೀವೂ ಅಷ್ಟೇ ಮಾಡಿ. ನಂಬರನ್ನು ಚೀಟಿಯಲ್ಲಿ ಬರೆದು ಕೇಸಿಗೆ ಅಂಟಿಸಬೇಡಿ. ಗೆಳೆಯನ ಕೈಲಿ ಡಿಸ್ಕು ಕಳಿಸೋದಾದರೆ, ತಲುಪಿದ ಮೇಲೆ ನಂಬರನ್ನು ಫೋನಿನಲ್ಲಿ ಹೇಳಿ.

ಕೇಸಿನ ಕೈಲಿ ಆಗದ ಕೆಲಸ ಒಂದಿದೆ. ನಂಬರು ಒತ್ತಿ ತೆರೆದ ಮೇಲೆ ಅದು ಎಲ್ಲ ಡಿಸ್ಕಿನಂತೆ ಸಾಮಾನ್ಯ ಡಿಸ್ಕು, ಪಕ್ಕದಲ್ಲಿ ಕೂತವನು ಕಾಪಿ ಹೊಡೆಯಬಹುದು. 2015ರಲ್ಲಿ ಮಲಯಾಳಂನ ‘ಪ್ರೇಮಂ’, 2016ರಲ್ಲಿ ಹಿಂದಿಯ ‘ಉಡ್ತಾ ಪಂಜಾಬ್’ ಇಂಟರ್‌ನೆಟ್ಟಿಗೆ ಬಂದದ್ದು ಸೆನ್ಸಾರಿನ ಗುರುತಿದ್ದ ಪ್ರತಿಗಳು. ಯಾವ ಬಸ್ ಕಳ್ಳನೂ ಅಲ್ಲಿರಲಿಲ್ಲ. ಹಾಗಾಗಿ ಡಬ್ಬಿಂಗ್ ರೂಮಿನಲ್ಲಿ ಕಾಫಿಗೆ ಕರೆದರೆ ಮೊದಲು ವೈರು ಕೀಳಿ, ಆಮೇಲೆ ಏಳಿ. ವೈರು ಕಿತ್ತ ಕೂಡಲೇ ಕೇಸು ತಾನೇ ಬೀಗ ಹಾಕಿಕೊಳ್ಳುತ್ತೆ. (ಕೀಳುವ ಮುಂಚೆ ಕಂಪ್ಯೂಟರಿನಲ್ಲಿ ‘ಇಜೆಕ್ಟ್’ ಒತ್ತಿ, ಇಲ್ಲದಿದ್ದರೆ ಫೈಲು ಕೆಟ್ಟೀತು.)

ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಮೂರು ಸಲ ಬೀಗ ಹಾಕಿ ತೆಗೆದು, ಚಿತ್ರವನ್ನು ಕೊನೆಯವರೆಗೂ ಓಡಿಸಿ ನೋಡಿ. ಬಸ್ಸಿನಲ್ಲಿ ಮೇಲಿನ ಕ್ಯಾರಿಯರ್ ಬೇಡ, ತೊಡೆಯ ಮೇಲೇ ಇಟ್ಟುಕೊಳ್ಳಿ.

ಅಂದ ಹಾಗೆ, ಅಷ್ಟುದ್ದ ಕಾಗದದಲ್ಲಿ ಚಿತ್ರದ ಹೆಸರೇ ಬರೆದಿಲ್ಲವಲ್ಲ ಸ್ವಾಮಿ! ಅದಕ್ಕೂ ಬೀಗ ಹಾಕಿದ್ದೀರಾ?